ಕೆಂಪು ದಾರ ಕಟ್ಟಿದ ವರ್ಷ

ಕಮಲಾಪುರದ ಬಸ್ ನಿಲ್ದಾಣದ ಎದುರಿಗೆ ಈಗ ಗೋಬಿ ಮಂಚೂರಿಯ ಗಾಡಿಯೊಂದು ನಿಲ್ಲುತ್ತದೆ. ಹೋದ ತಿಂಗಳು ಹುಮನಾಬಾದಿಗೆ ಹೊರಟಿದ್ದೆ. ಬಸ್ಸು ಅಲ್ಲಿ ನಿಂತಾಗ ಗಾಡಿಯವನು ಕಾದ ಬಾಣಲೆಗೆ ಬಾಟಲಿಯಿಂದ ವಿನೆಗರ್ ಸುರಿದ. ಆ ಹುಳಿ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ನನ್ನ ಬಲಗೈ ಬೆರಳುಗಳನ್ನು ಮೂಗಿಗೆ ಹಿಡಿದು ಮೂಸಿ ನೋಡಿಕೊಂಡೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು ಸ್ವಲ್ಪ ಆಚೆ ಸರಿದಳು. ಅವಳದೇನೂ ತಪ್ಪಿಲ್ಲ. ಐವತ್ತು ದಾಟಿದ ಹೆಂಗಸು ಬಸ್ಸಿನಲ್ಲಿ ಕೂತು ತನ್ನ ಬೆರಳು ತಾನೇ ಮೂಸತೊಡಗಿದರೆ ಯಾರಾದರೂ ಸರಿಯುತ್ತಾರೆ.

ಎಕ್ಸ್‌ರೇ ಫಿಲ್ಮಿನ ಮೇಲೆ ಮೂಡಿದ ಚಿತ್ರ ಅಳಿಸಿಹೋಗದಂತೆ ಅದ್ದುವ ನೀರೊಂದಿತ್ತು. ಫಿಕ್ಸರ್ ಅನ್ನುತ್ತಿದ್ದೆವು. ಅದರ ವಾಸನೆಯೂ ಹೀಗೇ ಹುಳಿಹುಳಿ. ನನಗೆ ಇಪ್ಪತ್ನಾಲ್ಕು ವರ್ಷವಾಗಿದ್ದಾಗ, ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದಿಂದ ಚಳಿಗಾಲದವರೆಗೆ, ನನ್ನ ಬೆರಳುಗಳು ಎಷ್ಟು ತೊಳೆದರೂ ಹಾಗೇ ನಾರುತ್ತಿದ್ದವು. ಆ ವರ್ಷ ನಾನು ಒಂದು ತಪ್ಪು ಮಾಡಿದೆ. ದಡ್ಡತನದಿಂದ ಮಾಡಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ. ಬಹಳ ಶಾಣೇತನದಿಂದ ಮಾಡಿದೆ.

ನಮ್ಮ ಮನೆ ಇದ್ದದ್ದು ಕಲಬುರಗಿಯ ಗಾಜಿಪುರದಲ್ಲಿ. ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ ವೈಷ್ಣವರ ಮನೆ. ನಾನು ಹಲ್ಲಿನ ಡಾಕ್ಟರೊಬ್ಬರ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿದ್ದೆ. ದವಾಖಾನೆ ರೋಜಾ ಓಣಿಯ ಕಡೆ ಹೋಗುವ ರಸ್ತೆಯಲ್ಲಿತ್ತು. ಡಾಕ್ಟರ ಹೆಸರು ಮಹಾದೇವಿ. ಹೊಲಮನೆ ಇದ್ದ ಲಿಂಗಾಯತ ಕುಟುಂಬದವರು. ಗಟ್ಟಿ ದನಿ, ಗಟ್ಟಿ ನಗು, ಕೆಲಸದಲ್ಲಿ ಮಾತ್ರ ಕೂದಲೆಳೆ ಹೆಚ್ಚುಕಡಿಮೆ ಆದರೂ ಸಹಿಸದ ಹೆಂಗಸು. ನಾನು ಅವರನ್ನು ಮೇಡಂ ಅನ್ನುತ್ತಿದ್ದೆ.

ನಾನು ಮೊದಲು ಕೆಲಸ ಕಲಿತ ಕಡೆ ಹಲ್ಲಿನ ಎಕ್ಸ್‌ರೇ ಅಂದರೆ ಹೀಗಿತ್ತು: ಬೆರಳಗಲದ ಫಿಲ್ಮಿನ ಪೊಟ್ಟಣವನ್ನು ಬಾಯೊಳಗಿಟ್ಟು, ಬಂದವರ ಹೆಬ್ಬೆರಳಿನಿಂದಲೇ ಅದನ್ನು ಒತ್ತಿ ಹಿಡಿಸುವುದು. ಆಮೇಲೆ ಜೊಲ್ಲು ಸುರಿಯುವ ಆ ಪೊಟ್ಟಣವನ್ನು ಬರಿಗೈಯಲ್ಲಿ ಹೊರತೆಗೆದು, ಅದೇ ಕೈಯಿಂದ ಮಷೀನು ಸರಿಸಿ, ಅದೇ ಕೈಯಿಂದ ಕತ್ತಲೆಕೋಣೆಯ ಬಾಗಿಲು ತೆರೆದು, ಫಿಲ್ಮು ತೊಳೆದು, ಹೊರಗೆ ಬಂದು ಅದೇ ಕೈಯಲ್ಲಿ ಚಹಾ ಕುಡಿಯುವುದು. ಮೇಡಂ ಇದನ್ನೆಲ್ಲ ಒಂದೇ ವಾರದಲ್ಲಿ ಬಿಡಿಸಿದರು. ಫಿಲ್ಮನ್ನು ಹಿಡಿಯಲು ಪ್ಲಾಸ್ಟಿಕ್ಕಿನ ಹೋಲ್ಡರು. ಒಬ್ಬರಿಗೆ ಬಳಸಿದ್ದನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಹಬೆಯ ಡಬ್ಬಿಯಲ್ಲಿಟ್ಟು ಕಾಯಿಸಿದ ಮೇಲೆಯೇ ಇನ್ನೊಬ್ಬರಿಗೆ. ಮಷೀನಿನ ಹಿಡಿಕೆಗೆ, ಗುಂಡಿಗೆ ತೆಳು ಪ್ಲಾಸ್ಟಿಕ್ ಹೊದಿಕೆ, ಪ್ರತಿಯೊಬ್ಬರಿಗೂ ಹೊಸದು. ಕೈಗೆ ಗವಸು. ಕತ್ತಲೆಕೋಣೆಯಲ್ಲಿ ಇನ್ನೂ ಒಂದು ಶಿಸ್ತು: ಗವಸಿನ ಕೈಯಿಂದ ಪೊಟ್ಟಣ ಬಿಡಿಸಿ, ಫಿಲ್ಮನ್ನು ಮುಟ್ಟದೆ ಶುದ್ಧ ಕಾಗದದ ಮೇಲೆ ಉದುರಿಸಿ, ಗವಸು ಕಳಚಿ, ಕೈ ತೊಳೆದು, ಆಮೇಲೆ ಮಾತ್ರ ಫಿಲ್ಮಿಗೆ ಕೈ ಹಚ್ಚಬೇಕು.

ಹೇಳಿಕೊಟ್ಟ ಮೊದಲ ದಿನವೇ ನನಗೆ ಬಂದುಬಿಟ್ಟಿತು. ಬರದೇ ಏನು. ನಮ್ಮ ಮನೆಯಲ್ಲಿ ಅವ್ವನ ಅಕ್ಕ, ನಮ್ಮ ಮೌಶಿ, ಇದ್ದಳು. ಅನ್ನ ಮುಟ್ಟಿದ ಕೈ ಮುಸುರಿ. ಅದನ್ನು ತೊಳೆಯದೆ ಮೊಸರಿನ ಗಡಿಗೆ ಮುಟ್ಟುವ ಹಾಗಿಲ್ಲ. ಬಾಯಿಗೆ ತಾಗಿದ ಕೈ ಎಂಜಲು. ಅದರಿಂದ ಏನನ್ನೂ ಮುಟ್ಟುವ ಹಾಗಿಲ್ಲ. ಯಾವ ಕೈ ಏನು ಮುಟ್ಟಿತು ಎಂಬ ಲೆಕ್ಕವನ್ನು ಹುಟ್ಟಿದಾಗಿನಿಂದ ಇಟ್ಟುಕೊಂಡು ಬಂದವಳು ನಾನು. ಮೇಡಂ ಮರೆತು ಗವಸಿನ ಕೈಯನ್ನು ದೀಪದ ಗುಂಡಿಗೆ ಒಯ್ದರೆ, "ಮೇಡಂ, ಕೈ ಮುಸುರಿ ಆಗ್ಯಾವರಿ" ಅನ್ನುತ್ತಿದ್ದೆ. ಅವರು ಬಿದ್ದು ಬಿದ್ದು ನಗುತ್ತಿದ್ದರು.

"ನಿನಗ ಕಲಿಸೂದೇನದ ಪದ್ಮಾ? ನೀ ತಾಯಿ ಹೊಟ್ಟ್ಯಾಗೇ ಕಲ್ತು ಬಂದೀದಿ" ಅಂದರು ಒಂದು ದಿನ. ಆ ಮಾತಿಗೆ ನಾನು ಉಬ್ಬಿಹೋದೆ. ಹೊಗಳಿಕೆ ನನಗೆ ಯಾವತ್ತೂ ಜೀರ್ಣವಾಗುವುದಿಲ್ಲ.

ಆ ವರ್ಷದ ಮಿರಗದ, ಅಂದರೆ ಮೃಗಶಿರೆಯ, ಮಳೆಯ ಹೊತ್ತಿಗೆ ಮೇಡಂ ಪ್ರತಿ ಗುರುವಾರ ಕಮಲಾಪುರಕ್ಕೆ ಹೋಗುವುದೆಂದು ಗೊತ್ತು ಮಾಡಿದರು. ಬಸ್ ನಿಲ್ದಾಣದ ಹಿಂದೆ ಒಂದೇ ಒಂದು ಉದ್ದನೆಯ ಕೋಣೆ. ಒಂದು ತುದಿಗೆ ಬೆಂಚು, ಇನ್ನೊಂದು ತುದಿಗೆ ಕುರ್ಚಿ, ಮೂಲೆಯಲ್ಲಿ ಹಳೆಯ ಎಕ್ಸ್‌ರೇ ಮಷೀನು. ಅದರ ಮುಂದೆ ಸೀಸದ ಹಾಳೆ ಹೊಡೆದ ಒಂದು ಮರದ ಅಡ್ಡಗೋಡೆ. ಬಚ್ಚಲುಮನೆಯ ಕಿಟಕಿಗೆ ಕರಿ ಬಟ್ಟೆ ಹೊಡೆದು, ಕೆಂಪು ಬಲ್ಬು ಹಾಕಿ ಕತ್ತಲೆಕೋಣೆ ಮಾಡಿಕೊಂಡಿದ್ದೆವು. ಮೇಡಂ ತಮ್ಮ ವ್ಯಾನು ತಾವೇ ಓಡಿಸುತ್ತಿದ್ದರು. ಕಾಯಿಸಿ ಕಟ್ಟಿದ ಹೋಲ್ಡರುಗಳ ಪುಟ್ಟ ಗಂಟುಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ದಾರಿಯುದ್ದಕ್ಕೂ ಎರಡೂ ಕಡೆ ಕರಿಮಣ್ಣು ನೆನೆದು ಉಬ್ಬಿರುತ್ತಿತ್ತು. ವ್ಯಾನಿನಿಂದ ಇಳಿದರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು. ಬಾಗಿಲಲ್ಲಿ ನಾನು ಬಂದವರ ಕಾಲು ತೊಳೆಸಿಯೇ ಒಳಗೆ ಬಿಡುತ್ತಿದ್ದೆ. ಕಮಲಾಪುರದ ಮಂದಿ ನನ್ನನ್ನು ಬೈದುಕೊಳ್ಳುತ್ತಲೇ ಕಾಲು ತೊಳೆಯುತ್ತಿದ್ದರು.

ಎಲ್ಲರನ್ನೂ ಒಂದು ಪ್ರಶ್ನೆ ಕೇಳಬೇಕಿತ್ತು: ಹಿಂದೆ ಎಂದಾದರೂ ಕಾಮಣಿ, ಅಂದರೆ ಕಾಮಾಲೆ, ಆಗಿತ್ತೇ? ಕೇಳಿ ಬರೆದುಕೊಳ್ಳುವುದು ಡಾಕ್ಟರಿಗೆ ಗೊತ್ತಿರಲಿ ಎಂದು. "ಹೌದು ಅಂದ್ರೂ ಅಷ್ಟೇ, ಇಲ್ಲ ಅಂದ್ರೂ ಅಷ್ಟೇ. ನಮ್ಮ ಕೆಲಸ ಎಲ್ಲಾರಿಗೂ ಒಂದೇ ನಮೂನಿ" ಎಂದು ಮೇಡಂ ಸ್ಪಷ್ಟವಾಗಿ ಹೇಳಿದ್ದರು. ನಾನು ಹೂಂ ಅಂದೆ. ಆದರೆ ಮನಸ್ಸು ಒಪ್ಪಲಿಲ್ಲ. ರೋಗ ಆದವರ ಬಾಯಿಗೆ ಹೋದದ್ದನ್ನು, ಎಷ್ಟೇ ಕಾಯಿಸಿರಲಿ, ಆಗದವರ ಬಾಯಿಗೆ ಇಡುವುದೇ? ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿ ಒಂದು ಸ್ಟೀಲಿನ ಲೋಟ ಇರುತ್ತಿತ್ತು. ಹೊರಗಿನವರು ಬಂದರೆ ಅದರಲ್ಲಿ ಚಹಾ. ಒಳಗಿನವುಗಳ ಜೊತೆ ಕಲೆಯಬಾರದೆಂದು ಮೌಶಿ ಅದರ ಕೊರಳಿಗೆ ಕೆಂಪು ದಾರ ಕಟ್ಟಿದ್ದಳು. ನಾನೂ ಅದನ್ನೇ ಮಾಡಿದೆ. ಶ್ರಾವಣದ ಮೊದಲ ವಾರ, ಮೇಡಂಗೆ ಹೇಳದೆ, ಒಂದು ಹೋಲ್ಡರನ್ನು ಕಾಮಣಿ ಆದವರಿಗೆಂದೇ ತೆಗೆದಿಟ್ಟು, ಅದರ ಗಂಟಿಗೆ ಕೆಂಪು ದಾರ ಕಟ್ಟಿದೆ. ಉಳಿದವಕ್ಕೆ ಬಿಳಿ ದಾರ. ದುಪ್ಪಟ್ಟು ಜಾಗ್ರತೆ ಮಾಡಿದೆ ಎಂದು ನನಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ನೀಲಮ್ಮ ಬಂದದ್ದು ಆ ಶ್ರಾವಣದಲ್ಲೇ. ಬಸ್ ನಿಲ್ದಾಣದ ಪಕ್ಕದಲ್ಲಿ ಅವಳದೊಂದು ಖಾನಾವಳಿ ಇತ್ತು. ಊಟಕ್ಕೆ ಬರುವವರು ಹೆಚ್ಚಾಗಿ ಕಲಬುರಗಿಯಿಂದ ನೌಕರಿಗೆ ಬಂದುಹೋಗುವ ಮಾಸ್ತರರು, ಬ್ಯಾಂಕಿನವರು, ಬಸ್ಸಿನ ಡ್ರೈವರು ಕಂಡಕ್ಟರುಗಳು. ಅವಳು ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಬೆಳಗ್ಗೆ ನಮ್ಮ ವ್ಯಾನು ನಿಲ್ಲುವ ಹೊತ್ತಿಗೆ ಅವಳು ರೊಟ್ಟಿ ಬಡಿಯುವ ಸದ್ದು ನಮ್ಮ ಕೋಣೆಯವರೆಗೂ ಕೇಳುತ್ತಿತ್ತು. ಗುರುವಾರ ಮಧ್ಯಾಹ್ನ ಮೇಡಂ ಅಲ್ಲೇ ಉಣ್ಣುತ್ತಿದ್ದರು. ನಾನು ಮನೆಯಿಂದ ತಂದ ಅವಲಕ್ಕಿ ತಿನ್ನುತ್ತಿದ್ದೆ. ಹೊರಗಿನ ಅಡುಗೆ ನಮ್ಮಲ್ಲಿ ನಡೆಯುತ್ತಿರಲಿಲ್ಲ. ನೀಲಮ್ಮ ಒಂದು ಸಲವೂ ಯಾಕೆಂದು ಕೇಳಲಿಲ್ಲ. ಮೇಡಂ ಕೈಯಲ್ಲಿ ನನಗೆಂದು ಕಮಲಾಪುರದ ಕೆಂಪು ಬಾಳೆಹಣ್ಣು ಎರಡು ಕಳಿಸುತ್ತಿದ್ದಳು. ಹಣ್ಣಿಗೆ ಮೈಲಿಗೆ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ಹಣ್ಣು ತಿನ್ನುತ್ತಾ ತಿನ್ನುತ್ತಾ, ಮುಖ ಸರಿಯಾಗಿ ನೋಡುವ ಮೊದಲೇ, ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತ್ತು.

ಕೆಳಗಿನ ಒಸಡಿನಲ್ಲಿ ನೋವೆಂದು ಬಂದವಳು, ಕುರ್ಚಿಯ ಮೇಲೆ ಕೂತು ಎರಡೂ ಅಂಗೈ ತೊಡೆಯ ಮೇಲಿಟ್ಟಳು. ಅಂಗೈ ಮಧ್ಯೆ ಹಿಟ್ಟು ಒಣಗಿ ಬೆಳ್ಳಗಾಗಿತ್ತು.

"ಬಾಯಾರ, ಜರಾ ಹಗೂರ ಮಾಡ್ರಿ. ನಾ ರೊಟ್ಟಿ ಬಡದಂಗ ನನ್ನ ಬಾಯಾಗ ಬಡೀಬ್ಯಾಡ್ರಿ" ಅಂದಳು. ನಗಿಸಿಬಿಟ್ಟಳು.

ನಾನು ಪ್ರಶ್ನೆ ಕೇಳಿದೆ. ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು: "ಆಗಿತ್ರಿ. ಎಂಟು ವರ್ಷದ ಹಿಂದ. ತವರಿನಾಗ ಬಸುರಿದ್ದಾಗ. ಔಷಧ ಕೊಟ್ರು, ಹೋತು."

ನಾನು ಡಬ್ಬಿಯಿಂದ ಕೆಂಪು ದಾರದ ಗಂಟು ತೆಗೆದು, ಬಂದವರಿಗೆ ಶುದ್ಧವಾಗಿದೆ ಎಂದು ಕಾಣಲಿ ಎಂದು ಯಾವಾಗಲೂ ಮಾಡುವಂತೆ, ಎಲ್ಲರ ಎದುರೇ ಬಿಚ್ಚಿದೆ. ಬೆಂಚಿನ ಮೇಲೆ ನಾಲ್ಕೈದು ಮಂದಿ ಇದ್ದರು. ಬಾಗಿಲ ಪಕ್ಕ, ಗಾಳಿ ಬರುವ ಜಾಗದಲ್ಲಿ, ಗುರುಲಿಂಗಪ್ಪ ಮಾಸ್ತರರು ಕೂತಿದ್ದರು. ರಿಟೈರಾದವರು. ಹಲ್ಲು ನೋಯಲಿ ಬಿಡಲಿ, ಗುರುವಾರ ನಮ್ಮಲ್ಲಿ ಬಂದು ಕೂತು ಪೇಪರು ಓದುವುದು, ಮಧ್ಯಾಹ್ನ ನೀಲಮ್ಮನಲ್ಲಿ ಉಣ್ಣುವುದು ಅವರ ರೂಢಿ. ಕೆಟ್ಟವರಲ್ಲ. ಕಂಡದ್ದನ್ನೆಲ್ಲ ಕೇಳುವ ಚಟ, ಅಷ್ಟೇ.

"ಏನ್ ತಂಗಿ, ಎಲ್ಲಾರಿಗೂ ಬಿಳಿ ದಾರದ್ದು ಬಿಚ್ಚತಿ. ನೀಲಮ್ಮಗ ಯಾಕ ಕೆಂಪಂದು?" ಅಂದರು.

ನನ್ನ ನಾಲಿಗೆಗೆ ಎಲುಬಿಲ್ಲ. ಸುಮ್ಮನಿರಬಹುದಿತ್ತು. ನನ್ನ ಜಾಗ್ರತೆ ನಾಲ್ಕು ಮಂದಿಗೆ ತಿಳಿಯಲಿ ಎಂಬ ಹಮ್ಮು. "ಕಾಮಣಿ ಆದವರಿಗೆ ಬ್ಯಾರೆ ಇಟ್ಟೀನ್ರಿ ಮಾಸ್ತರ. ನಿಮ್ಮಂಥವರಿಗೆ ಅದು ಬರಬಾರದಲ್ಲ" ಅಂದೆ.

ಮೇಡಂ ಆಗ ಹೊರಗೆ ವ್ಯಾನಿನಿಂದ ಏನೋ ತರಲು ಹೋಗಿದ್ದರು. ಅಷ್ಟರಲ್ಲಿ ನಾನು ಹೋಲ್ಡರನ್ನು ನೀಲಮ್ಮನ ಬಾಯಲ್ಲಿ ಇಟ್ಟಾಗಿತ್ತು. ಅವಳು ಮಾತಾಡುವಂತಿರಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ತಿರುಗಿತು. ಆ ನೋಟ ನನಗೆ ಆಗ ತಿಳಿಯಲಿಲ್ಲ. ಅಲುಗಬೇಡಿ ಅಂದೆ, ಅಡ್ಡಗೋಡೆಯ ಹಿಂದೆ ಹೋಗಿ ಗುಂಡಿ ಒತ್ತಿದೆ. ಚಿತ್ರ ಚೆನ್ನಾಗಿ ಬಂತು. ಹಲ್ಲಿನ ಬೇರಿನ ತುದಿಗೆ ಕೀವು ಕಟ್ಟಿತ್ತು. ಮೇಡಂ ಗುಳಿಗೆ ಕೊಟ್ಟು, ಮುಂದಿನ ಗುರುವಾರ ಹಲ್ಲು ತೆಗೆಯುವುದಾಗಿ ಹೇಳಿದರು.

ಮುಂದಿನ ಗುರುವಾರ ಅವಳು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಉಣ್ಣಲು ಹೋದ ಮೇಡಂ ಕೇಳಿದರೆ, ನೋವು ಕಡಿಮೆಯಾಗಿದೆ ಅಂದಳಂತೆ. ನಡುವೆ ಮೇಡಂಗೆ ಕಲಬುರಗಿಯಲ್ಲಿ ಕೆಲಸ ಹೆಚ್ಚಾಗಿ ಕಮಲಾಪುರಕ್ಕೆ ಮೂರು ವಾರ ಹೋಗಲಿಲ್ಲ. ಮತ್ತೆ ಹೋದಾಗ ನವರಾತ್ರಿ ಹತ್ತಿರ ಬಂದಿತ್ತು. ಮಳೆ ನಿಂತು, ತೊಗರಿ ಹೊಲ ಎದೆಯೆತ್ತರ ನಿಂತಿತ್ತು. ಆ ಬೆಳಗ್ಗೆ ವ್ಯಾನಿನಿಂದ ಇಳಿದಾಗ ಏನೋ ಕೊರತೆ ಅನ್ನಿಸಿತು. ರೊಟ್ಟಿ ಬಡಿಯುವ ಸದ್ದು ಇರಲಿಲ್ಲ.

ಹಲ್ಲು ತೋರಿಸಲು ಬಂದ ಒಬ್ಬ ಕಂಡಕ್ಟರನನ್ನು ನಾನೇ ಕೇಳಿದೆ, ನೀಲಮ್ಮ ಊರಲ್ಲಿಲ್ಲವೇ ಎಂದು.

"ಊರಾಗೇ ಇದ್ದಾಳ್ರಿ. ಖಾನಾವಳಿ ನಡ್ಯಾಂಗಿಲ್ಲ. ಯಾರ್ ಹೋಗ್ತಾರ್ರಿ? ಅಕಿಗಿ ಏನೋ ದೊಡ್ಡ ರೋಗ ಅದ ಅಂತ. ನಿಮ್ಮ ದವಾಖಾನ್ಯಾಗೇ ಕೆಂಪು ದಾರ ಕಟ್ಟೀರಂತಲ್ಲ" ಅಂದ. ಆಮೇಲೆ ದನಿ ಇಳಿಸಿ, "ಕಾಮಣಿ ಅಂದ್ರು ಮೊದಲ. ಈಗ ಏಡ್ಸ್ ಅನ್ಲಾಕತ್ತಾರ" ಅಂದ.

ಕೈಯಲ್ಲಿದ್ದ ಗಂಟು ಹಾಗೇ ಹಿಡಿದು ನಿಂತೆ. ಗಡಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಲಾಗದು ಅನ್ನುತ್ತಾರೆ. ಮಂದಿಯ ಬಾಯಿಗೆ ಆ ಮಾತು ಕೊಟ್ಟವಳು ನಾನೇ.

ಮೇಡಂ ಪಕ್ಕದಲ್ಲೇ ಇದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಆ ದಿನ ಬಂದವರೆಲ್ಲ ಹೋಗಲಿ ಎಂದು ಕಾದರು. ನಂತರ ಡಬ್ಬಿ ತೆರೆದು, ಕೆಂಪು ದಾರದ ಗಂಟನ್ನು ಎತ್ತಿ ಹಿಡಿದು, "ಇದೇನು?" ಅಂದರು. ಹೇಳಿದೆ. ಲೋಟದ ಕಥೆಯನ್ನೂ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪದ್ಮಾ, ಎಂಟು ವರ್ಷದ ಹಿಂದ ಕಾಮಣಿ ಆಗಿತ್ತು ಅಂತ ಬಾಯಿ ಬಿಟ್ಟು ಹೇಳಿದಾಕಿ ಅಕಿ. ಮೈಯಾಗ ಇಟ್ಕೊಂಡು ತನಗೇ ಗೊತ್ತಿಲ್ಲದ ತಿರುಗೋರು ಎಷ್ಟ್ ಮಂದಿ ಇರ್ತಾರ. ಅವರಿಗೆಲ್ಲಾ ನೀ ಬಿಳಿ ದಾರ ಕಟ್ಟೀದಿ. ಖರೇ ಹೇಳಿದಾಕಿಗಷ್ಟ ಶಿಕ್ಷಾ ಕೊಟ್ಟೀದಿ" ಅಂದರು. ಗಂಟನ್ನು ನನ್ನ ಕೈಗಿಟ್ಟು, "ನೀ ಹೊಲಸು ಮಾಡಿದ್ದು ನೀನೇ ತೊಳೀಬೇಕು. ಹೆಂಗ ಅಂತ ನನಗೂ ಗೊತ್ತಿಲ್ಲ" ಅಂದರು.

ಆ ವಾರ ಮನೆಯಲ್ಲಿ ನವರಾತ್ರಿಯ ಘಟದ ಮುಂದೆ ದೀಪ ಆರದಂತೆ ಕಾಯುತ್ತಿದ್ದೆವು. ಮೌಶಿ ಬತ್ತಿ ಹೊಸೆಯುತ್ತಿದ್ದಳು. ಅವಳನ್ನು ಕೇಳಿದೆ, "ಮೌಶಿ, ಆ ಪಡಸಾಲ್ಯಾಗಿನ ಲೋಟ ಬ್ಯಾರೆ ಯಾಕ ಇಟ್ಟೀದಿ? ತೊಳದ್ರ ಎಲ್ಲಾ ಒಂದ ಅಲ್ಲೇನು?" ಜಗಳಕ್ಕೆ ಸಿದ್ಧವಾಗಿಯೇ ಕೇಳಿದ್ದೆ. ಮೌಶಿ ಬತ್ತಿಯಿಂದ ಕಣ್ಣೆತ್ತಲಿಲ್ಲ.

"ಒಂದ. ತೊಳದ್ರ ಎಲ್ಲಾ ಒಂದ. ಅದು ಲೋಟಕ್ಕಲ್ಲವಾ, ನಮ್ಮ ಮನಸ್ಸಿನ ಸಮಾಧಾನಕ್ಕ" ಅಂದಳು. ಅಷ್ಟು ಸರಳವಾಗಿ ಒಪ್ಪಿಕೊಂಡುಬಿಟ್ಟಳು. ಮುಂದೆ ಏನು ಜಗಳವಾಡುವುದು ಎಂದು ತಿಳಿಯದೆ ನಾನೂ ಎರಡು ಬತ್ತಿ ಹೊಸೆದೆ. ನಮ್ಮ ಸಮಾಧಾನಕ್ಕೆ ಇನ್ನೊಬ್ಬರ ಒಲೆ ಆರಿಸಿದೆನಲ್ಲ ಎಂದು ಆ ರಾತ್ರಿಯೆಲ್ಲ ಸಂಕಟಪಟ್ಟೆ.

ಮುಂದಿನ ಗುರುವಾರ ಮಧ್ಯಾಹ್ನ ಖಾನಾವಳಿಗೆ ಹೋದೆ. ಅವಳ ಗಂಡ ಟ್ರ್ಯಾಕ್ಟರು ಹೊಡೆಯಲು ಹೋಗಿದ್ದ. ನೀಲಮ್ಮ ಒಬ್ಬಳೇ ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಎಡಗೆನ್ನೆ ಸ್ವಲ್ಪ ಊದಿತ್ತು. ಒಳಗೆ ತಾಟುಗಳು ಒಂದರ ಮೇಲೊಂದು ಕವುಚಿ ಇದ್ದವು.

ನಾನು ಒಂದು ಯೋಜನೆ ಮಾಡಿಕೊಂಡೇ ಹೋಗಿದ್ದೆ. "ನೀಲಮ್ಮಕ್ಕ, ನನಗ ಊಟ ಹಾಕ್ರಿ. ಇಲ್ಲೇ ಬಾಗಲದಾಗ, ಎಲ್ಲಾರಿಗೂ ಕಾಣೂಹಂಗ ಕೂತು ಉಣ್ತೀನಿ" ಅಂದೆ.

ಅವಳು ಮೊರ ಕೆಳಗಿಟ್ಟಳು. "ಬ್ಯಾಡ್ರಿ ಬಾಯಾರ."

"ಯಾಕ್ರಿ?"

"ಹಸಿವಾಗಿ ಬಂದೋರಿಗೆ ನಾ ನೀಡ್ತೀನ್ರಿ. ತಪ್ಪು ಮುಚ್ಚಾಕ ಬಂದೋರಿಗೆ ಹೆಂಗ ನೀಡ್ಲಿ? ಅದೂ ಅಲ್ದ, ನೀವು ಉಂಡು ಹೋದ್ರ ಮಂದಿ ಏನಂತಾರ? ಪಾಪ, ಕನಿಕರಕ್ಕ ಉಂಡ್ರು ಅಂತಾರ."

ಅದು ನಿಜ. ನಾನು ಅಲ್ಲೇ ಹೊಸ್ತಿಲ ಆಚೆ ಕಟ್ಟೆಯ ಮೇಲೆ ಕೂತೆ. ಅಳು ಬಂತು, ಅತ್ತೆ. ನಾಚಿಕೆಯೇನೂ ಆಗಲಿಲ್ಲ. ಆ ದಾರ ಇವತ್ತೇ ಬಿಚ್ಚಿ ಒಲೆಗೆ ಹಾಕುತ್ತೇನೆ, ಇನ್ನು ಮೇಲೆ ಎಲ್ಲಕ್ಕೂ ಬಿಳಿ ದಾರ ಅಂದೆ.

ನೀಲಮ್ಮ ಮೊರ ಮತ್ತೆ ಎತ್ತಿಕೊಂಡು ಜೋಳದಲ್ಲಿ ಕಲ್ಲು ಹುಡುಕತೊಡಗಿದಳು. ಆಮೇಲೆ ಅಂದಳು: "ಬಿಚ್ಚಬ್ಯಾಡ್ರಿ. ಬಿಚ್ಚಿದ್ರ ಇನ್ನೂ ಕೆಡ್ತದ. ಮೊದಲ ಅಕಿದು ಬ್ಯಾರೆ ಇತ್ತು, ಈಗ ಎಲ್ಲಾದ್ರಾಗ ಕಲಸಿ ಮುಚ್ಚಿಟ್ಟಾರ ಅಂತಾರ. ಯಾರೂ ನಿಮ್ಮ ಕುರ್ಚಿ ಮ್ಯಾಲ ಸೈತ ಕೂಡಂಗಿಲ್ಲ."

"ಮತ್ತೇನ್ ಮಾಡ್ಲಿ ಅಕ್ಕಾ?"

"ಎಲ್ಲಾದಕ್ಕೂ ಕೆಂಪಂದ ಕಟ್ರಿ."

ನಾನು ಅವಳ ಮುಖ ನೋಡಿದೆ. ಅವಳು ಒಳಗಿನ ತಾಟುಗಳ ಕಡೆ ಕೈ ತೋರಿಸಿದಳು.

"ನನ್ನಲ್ಲಿ ದಿನಾ ಎಷ್ಟ್ ಮಂದಿ ಉಣ್ತಿದ್ರು. ಯಾರಿಗೆ ಏನ್ ಜಡ್ಡು ಅದ ನಾ ಏನ್ ಕಂಡೀನ್ರಿ? ಯಾರ ತಾಟು ಅಂತ ನೋಡಿ ತೊಳ್ಯಾಂಗಿಲ್ಲ ನಾ. ಎಲ್ಲಾರಿಗೂ ಜಡ್ಡು ಅದ ಅಂತ ತಿಳದ ಬೂದಿ ಹಚ್ಚಿ ತಿಕ್ಕತೀನಿ. ಎಲ್ಲಾರೂ ನಮ್ಮ ಮನಿ ಮಂದಿ ಅಂತ ತಿಳದು ನೀಡ್ತೀನಿ. ನೀವೂ ಹಂಗ ಮಾಡ್ರಿ" ಅಂದಳು.

ಮೇಡಂ ತಿಂಗಳುಗಟ್ಟಲೆ ಹೇಳಿದ್ದು ಇದನ್ನೇ. ನನ್ನ ತಲೆಗೆ ಹೋದದ್ದು ಮಾತ್ರ ಅವತ್ತು, ಆ ಕಟ್ಟೆಯ ಮೇಲೆ. ಹಲ್ಲು ನೋಯುತ್ತಿಲ್ಲವೇ, ಬಂದು ತೋರಿಸಿ ಅಂದೆ. "ಮೊದಲ ನಿಮ್ಮ ದಾರ ನೋಡ್ತೀನಿ, ಆಮ್ಯಾಲ ಬರ್ತೀನಿ" ಅಂದಳು. ಅಂದರೆ ಅಷ್ಟು ದಿನ ಅವಳು ಆ ನೋವನ್ನು ಲವಂಗ ಕಚ್ಚಿಯೇ ತಡೆದುಕೊಂಡಿದ್ದಳು.

ಹಬ್ಬಗಳ ಗಡಿಬಿಡಿಯಲ್ಲಿ ನಡುವಿನ ಗುರುವಾರಗಳು ತಪ್ಪಿದವು. ದೀಪಾವಳಿ ಮುಗಿದ ಮೇಲಿನ ಮೊದಲ ಗುರುವಾರ, ಡಬ್ಬಿಯಲ್ಲಿದ್ದ ಅಷ್ಟೂ ಗಂಟುಗಳಿಗೆ ಕೆಂಪು ದಾರ ಕಟ್ಟಿಕೊಂಡು ಹೋದೆ. ಬೆಂಚು ತುಂಬಿತ್ತು. ಅವತ್ತು ಕುರ್ಚಿಗೆ ಮೊದಲು ಬಂದವರು ಗುರುಲಿಂಗಪ್ಪ ಮಾಸ್ತರರೇ. ನಿಜವಾಗಿಯೂ ಹಲ್ಲು ನೋಯುತ್ತಿತ್ತು. ನಾನು ಗಂಟು ತೆಗೆದೆ. ಅವರು ದಾರ ನೋಡಿ ಅರ್ಧ ಎದ್ದು ನಿಂತರು.

"ಏ ತಂಗಿ, ನನಗ ಯಾ ಕಾಮಣಿನೂ ಆಗಿಲ್ಲ. ನಂದು ಬಿಳೀದು ಕೊಡು."

"ಬಿಳೀದು ಇಲ್ರಿ ಮಾಸ್ತರ. ಎಲ್ಲಾರಿಗೂ ಇದ" ಅಂದೆ. ಡಬ್ಬಿಯನ್ನು ಬೆಂಚಿನವರ ಕಡೆ ತಿರುಗಿಸಿ ತೋರಿಸಿದೆ. ಆಮೇಲೆ, ಬಹಳ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ. "ಆವತ್ತು ನೀಲಮ್ಮಕ್ಕಗ ಬ್ಯಾರೆ ಕಟ್ಟಿದ್ದು ನಂದ ತಪ್ಪು. ಅಕಿಗಿ ಯಾ ರೋಗನೂ ಇಲ್ಲ. ಡಾಕ್ಟರು ಹಂಗ ಮಾಡಂತ ಹೇಳಿರಲಿಲ್ಲ. ನನಗ ತಿಳೀಲಿಲ್ಲ, ನಾ ಮಾಡಿದೆ. ನಿಮ್ಮೆಲ್ಲಾರ ಮುಂದ ಹೇಳಿದ್ದೆ, ನಿಮ್ಮೆಲ್ಲಾರ ಮುಂದ ತಪ್ಪಾತು ಅಂತೀನಿ."

ಮಾಸ್ತರರು ಇನ್ನೂ ಪಟ್ಟು ಬಿಡದೆ, "ಆತು, ಖರೇ. ಆದ್ರ ನನಗ ಏನೂ ಇಲ್ಲಲ್ಲ?" ಅಂದರು.

ಮೇಡಂ ಗವಸು ಹಾಕಿಕೊಳ್ಳುತ್ತಾ ಬಂದರು. "ಇಲ್ಲ ಅಂತ ಯಾರ್ ಹೇಳ್ಯಾರ್ರಿ ಮಾಸ್ತರ? ರಕ್ತ ತೋರ್ಸೀರೇನು?"

"ಇಲ್ಲ."

"ನಾನೂ ಎಲ್ಲಾರಿಗೂ ಅದ ಅಂತನ ತಿಳದು ಕೆಲಸ ಮಾಡ್ತೀನಿ. ನನಗ ನೀವೂ ಅಷ್ಟ, ನೀಲಮ್ಮನೂ ಅಷ್ಟ, ನಮ್ಮ ಪದ್ಮಾನೂ ಅಷ್ಟ. ಕೂಡ್ರಿ."

ಮಾಸ್ತರರು ಕೂತರು. ಬಾಯಿ ತೆರೆಯುವ ಮೊದಲು ಒಂದು ಸಲ ಬೆಂಚಿನ ಕಡೆ ನೋಡಿದರು. ಹಾಗೆ ಎಲ್ಲರ ಎದುರಿಗೆ ಕೆಂಪು ದಾರ ಬಿಚ್ಚಿಸಿಕೊಂಡು ಕೂರುವುದು ಹೇಗಿರುತ್ತದೆ ಎಂದು ಅವರಿಗೆ ಆ ಕ್ಷಣ ತಿಳಿದಿರಬೇಕು. ಎಕ್ಸ್‌ರೇ ಆದ ಮೇಲೆ ಪೇಪರು ಓದದೆ ಎದ್ದು ಹೋದರು. ಅವರ ನಂತರ ಬಂದ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ. ಸಂಜೆಯ ಹೊತ್ತಿಗೆ ಗಂಟಲು ಒಣಗಿತ್ತು.

ಸುದ್ದಿ ಕೆಡಿಸುವಷ್ಟು ಬೇಗ ಸರಿ ಮಾಡುವುದಿಲ್ಲ. ಮುಂದಿನ ವಾರ ಮತ್ತೆ ಒಲೆ ಹಚ್ಚಿದ ಖಾನಾವಳಿಯಲ್ಲಿ ಬರೀ ಇಬ್ಬರು ಉಣ್ಣುತ್ತಿದ್ದರು ಎಂದು ಮೇಡಂ ಬಂದು ಹೇಳಿದರು. ಅವರಲ್ಲೊಬ್ಬರು ಮಾಸ್ತರರು. ಅದನ್ನು ಕೇಳಿ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಅವರು ಅವತ್ತಿನಿಂದ ದಿನವೂ ಹೋಗಿ, ಬಾಗಿಲ ಬಳಿಯ ಜಾಗದಲ್ಲೇ ಕೂತು, ನಿಧಾನವಾಗಿ ಉಂಡು ಬರುತ್ತಿದ್ದರಂತೆ.

ಕಾರ್ತಿಕ ಮುಗಿಯುವ ಹೊತ್ತಿಗೆ ನೀಲಮ್ಮ ಬಂದಳು. ತಲೆಗೆ ಸೆರಗು ಬಿಗಿದು, ಊದಿದ ಕೆನ್ನೆ ಮುಚ್ಚಿಕೊಂಡು. ನಾನು ಡಬ್ಬಿ ಅವಳ ಮುಂದೆ ಹಿಡಿದು, "ನೀವ ಆರಸ್ರಿ ಅಕ್ಕಾ, ಯಾವುದು ಬೇಕು" ಅಂದೆ. ಅವಳು ಎಲ್ಲ ಗಂಟುಗಳನ್ನೂ ಒಮ್ಮೆ ನೋಡಿದಳು. ನೋವಿನಲ್ಲೂ ಒಂದು ನಗು ಬಂತು. ಒಂದು ಗಂಟು ಎತ್ತಿ ನನ್ನ ಕೈಗೆ ಕೊಟ್ಟಳು, ಕೂತಳು, ಬಾಯಿ ತೆರೆದಳು. ನಾನು ಒಬ್ಬರ ಬಾಯಿಯ ಮುಂದೆ ಅಷ್ಟು ಹಗುರವಾಗಿ ಕೈ ಇಟ್ಟದ್ದು ಅದೇ ಮೊದಲು. ಕೀವು ಇನ್ನೂ ಆಳಕ್ಕೆ ಇಳಿದಿತ್ತು. ನನ್ನಿಂದಾದ ತಡದ ಅಳತೆ ಆ ಫಿಲ್ಮಿನ ಮೇಲೆ ಕರಿ ಮಚ್ಚೆಯಾಗಿ ಮೂಡಿತ್ತು. ಕೆಂಪು ಬಲ್ಬಿನ ಕೆಳಗೆ ಅದನ್ನು ನೋಡುತ್ತಾ ನಿಂತಾಗ ನನಗಾದ ದುಃಖವನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಮೇಡಂ ಹಲ್ಲು ತೆಗೆದರು. ಗುಣವಾಯಿತು.

ಎಳ್ಳ ಅಮಾವಾಸ್ಯೆಯ ಮರುವಾರ ಕಮಲಾಪುರದಲ್ಲಿ ಎಲುಬು ಕೊರೆಯುವ ಚಳಿ. ಬೆಳಗ್ಗೆ ವ್ಯಾನು ನಿಂತಾಗ ರೊಟ್ಟಿ ಬಡಿಯುವ ಸದ್ದು ಕೇಳಿತು, ನಿಲ್ಲದೆ, ಒಂದರ ಹಿಂದೆ ಒಂದು. ಮಧ್ಯಾಹ್ನ ಕೆಲಸ ಮುಗಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಅವತ್ತು ನಾನು ಅವಲಕ್ಕಿಯ ಡಬ್ಬಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಮರೆತು ಅಲ್ಲ. ಹೊಟ್ಟೆ ನಿಜವಾಗಿಯೂ ಹಸಿದಿತ್ತು.

ಖಾನಾವಳಿಯಲ್ಲಿ ಎರಡೂ ಪಂಕ್ತಿ ತುಂಬಿತ್ತು. ಹಬ್ಬದ ಭಜ್ಜಿಪಲ್ಲೆಯ ಕಂಪು, ಹೊಗೆ, ಮಾತು. ಮಾಸ್ತರರು ಬಾಗಿಲ ಬಳಿಯಿಂದ ಸರಿದು ಜಾಗ ಮಾಡಿಕೊಟ್ಟರು. ನೀಲಮ್ಮ ಹಣೆಯ ಬೆವರು ತೋಳಿನಿಂದ ಒರೆಸಿಕೊಂಡು ನನ್ನೆದುರು ಬಂದು ನಿಂತಳು.

"ಹಸಿವಾಗ್ಯದೇನ್ರಿ?" ಅಂದಳು.

"ಭಾಳ ಆಗ್ಯದ ಅಕ್ಕಾ."

ಅವಳು ಬಗ್ಗಿ, ಬೇರೆಯವರಿಗೆ ಕೇಳದಂತೆ, ಮೆಲ್ಲಗೆ ಅಂದಳು: "ಬಾಯಾರ, ನಿಮ್ಮ ಮನ್ಯಾಗ ಮಡಿ ಭಾಳಂತ. ಒಳಗ ಒಂದು ಹೊಸಾ ತಾಟು ಅದ, ಇನ್ನೂ ಯಾರೂ ಉಂಡಿಲ್ಲ. ಅದರಾಗ ಹಾಕ್ಲೇನ್ರಿ?"

ವ್ಯಂಗ್ಯ ಇರಲಿಲ್ಲ. ಅವಳ ಮುಖ ನೋಡಿದೆ. ನನ್ನ ಮನಸ್ಸಿಗೆ ನೋವಾಗಬಾರದೆಂಬ ಕಾಳಜಿ ಬಿಟ್ಟು ಬೇರೇನೂ ಇರಲಿಲ್ಲ. ನಾನು ಅವಳಿಗೆ ಬೇರೆ ಇಟ್ಟದ್ದಕ್ಕೆ ಅವಳ ಒಲೆ ಎರಡು ತಿಂಗಳು ಆರಿತ್ತು. ಅವಳು ನನಗೆ ಬೇರೆ ಇಡಲು ಹೊರಟದ್ದು ಅಕ್ಕರೆಯಿಂದ. ನನ್ನ ಕಣ್ಣು ತುಂಬಿತು.

"ಬ್ಯಾಡಕ್ಕಾ. ಎಲ್ಲಾರದೂ ಯಾವುದದ ಅದರಾಗ ಹಾಕ್ರಿ" ಅಂದೆ.

ಅವಳು ರಾಶಿಯ ಮೇಲಿನ ತಾಟು ಎತ್ತಿ, ನೀರು ಚಿಮುಕಿಸಿ ಝಾಡಿಸಿ, ನನ್ನ ಮುಂದಿಟ್ಟಳು. ಸಜ್ಜಿ ರೊಟ್ಟಿ ಹಾಕಿದಳು. ನಾನು ಉಂಡೆ. ಅವಳು ಒಲೆಯ ಮುಂದೆ ಕೂತು ಮುಂದಿನ ರೊಟ್ಟಿ ಬಡಿಯುತ್ತಾ, ಕೇಳದೆಯೇ, ಇನ್ನೊಂದು ಹಾಕಿದಳು.